ಮ್ಯಾಪ್ ಮೇಲೆ ಗೆರೆ ಎಳೆಯಲು, ಎಳೆದದ್ದನ್ನು ತಿದ್ದಲು: ಯಾವ ಸಾಫ್ಟ್‌ವೇರ್ ನಿಮಗೆ ಸರಿ?

ಮುಂಬೈಯ ಕನ್ನಡ ಸಂಘಗಳವರಾಗಲಿ, ಪುಣೆಯಲ್ಲಿ ಓದುವ ಹುಡುಗ ಹುಡುಗಿಯರಾಗಲಿ, ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮ್ಯಾಪ್ ಮೇಲೆ ನಮ್ಮ ಜಾಗಗಳನ್ನು ಗುರುತಿಸಬೇಕು, ಯಾವ ಸಾಫ್ಟ್‌ವೇರ್ ಸುಲಭ? ಬಿಡಿಸುವುದಕ್ಕೆ ಮಾತ್ರ ಅಂದರೆ ಎಲ್ಲವೂ ಸುಲಭವೇ. ಪಾಯಿಂಟ್ ಇಡಲು ಒಂದು ಕ್ಲಿಕ್, ಲೈನ್ ಎಳೆಯಲು ನಾಲ್ಕಾರು ಕ್ಲಿಕ್, ಪಾಲಿಗಾನ್, ಅಂದರೆ ಸುತ್ತ ಗಡಿ ಇರುವ ಆಕಾರ, ಮುಚ್ಚಲು ಇನ್ನೊಂದೆರಡು. ಅದನ್ನು ಅರ್ಧ ಗಂಟೆಯಲ್ಲಿ ಯಾರು ಬೇಕಾದರೂ ಕಲಿಯಬಹುದು. ನಿಜವಾದ ವ್ಯತ್ಯಾಸ ಗೊತ್ತಾಗುವುದು ಆಮೇಲೆ. ಒಂದು ಗಡಿ ಬದಲಾಯಿತು, ಒಂದು ಪ್ಲಾಟ್ ಎರಡಾಯಿತು, ಬೇರೊಬ್ಬರು ಫೈಲ್ ತೆರೆದು ಕೆಲಸ ಮುಂದುವರಿಸಬೇಕಾಯಿತು, ಆಗ. ಅದಕ್ಕೇ ನನ್ನ ಸಲಹೆ, ಬಿಡಿಸುವ ಸುಲಭ ನೋಡಿ ಆರಿಸಬೇಡಿ, ತಿದ್ದುವ ಸುಲಭ ನೋಡಿ ಆರಿಸಿ.

ಶುರು ಮಾಡುವ ಮೊದಲು ಮೂರು ವಿಷಯ ಯೋಚಿಸಿ. ನೀವು ಬಿಡಿಸುವ ಆಕಾರಗಳು ಬಿಡಿಬಿಡಿಯೋ, ಅಥವಾ ಒಂದರ ಗಡಿ ಇನ್ನೊಂದಕ್ಕೂ ಗಡಿಯೋ? ಅವುಗಳಿಂದ ಅಳತೆ ತೆಗೆಯಬೇಕಾ, ಸುಮ್ನೆ ತೋರಿಸಿದರೆ ಸಾಕಾ? ನಾಳೆ ತಿದ್ದುವವರು ನೀವೊಬ್ಬರೇನಾ, ಹತ್ತು ಜನಾನಾ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ತೀರ್ಮಾನ ಆದ ಹಾಗೆ.

ಬರೀ ಪಾಯಿಂಟ್‌ಗಳಾದರೆ

ಮಾಟುಂಗದ ಕಿಂಗ್ಸ್ ಸರ್ಕಲ್ ಸುತ್ತಲಿನ ಉಡುಪಿ ಹೋಟೆಲುಗಳು, ಮೈಸೂರು ಅಸೋಸಿಯೇಶನ್, ಮಾಹಿಮ್ ಕಡೆ ಕರ್ನಾಟಕ ಸಂಘ, ಕಲೀನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ. ಹೊಸದಾಗಿ ಮುಂಬೈಗೆ ಬಂದ ಕನ್ನಡಿಗರಿಗೆ ಇಂಥ ಜಾಗಗಳ ಮ್ಯಾಪ್ ಮಾಡಿ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಬೇಕು ಅಂದರೆ ಗೂಗಲ್ ಮೈ ಮ್ಯಾಪ್ಸ್ ಸಾಕು. ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಬ್ರೌಸರ್‌ನಲ್ಲಿ ತೆರೆಯಿರಿ, ಪಾಯಿಂಟ್ ಇಡಿ, ಹೆಸರು ಬರೆಯಿರಿ, ಫೋಟೋ ಹಾಕಿ. ಎಕ್ಸೆಲ್‌ನಲ್ಲಿ ಪಟ್ಟಿ ಇದ್ದರೆ ಅದನ್ನೇ ಸಿಎಸ್‌ವಿ (ಸಾದಾ ಪಟ್ಟಿಯ ಫೈಲ್) ಮಾಡಿ ಏರಿಸಬಹುದು. ಒಂದು ಮ್ಯಾಪ್‌ಗೆ 10 ಲೇಯರ್ (ಮಾಹಿತಿಯ ಪದರ) ತನಕ ಅವಕಾಶ ಇದೆ, ಸಂಘದ ಕೆಲಸಕ್ಕೆ ಇದು ಧಾರಾಳ.

ಆದರೆ ಫೋನಿನಲ್ಲೇ ತಿದ್ದುತ್ತೇವೆ ಅಂತ ಅಂದುಕೊಂಡಿದ್ದರೆ ನಿರಾಸೆ ಆಗುತ್ತದೆ. ಇದರ ಆಂಡ್ರಾಯ್ಡ್ ಆ್ಯಪ್ 2021ರಲ್ಲೇ ನಿಂತುಹೋಯಿತು, ಲ್ಯಾಪ್‌ಟಾಪ್ ಮುಂದೆ ಕೂತು ಮಾಡುವುದೇ ಸರಿ. ಪಾಲಿಗಾನ್ ವಿಷಯಕ್ಕೆ ಬಂದರೆ ಮೂಲೆಗಳನ್ನು ಹಿಡಿದು ಎಳೆಯಬಹುದು, ಅಷ್ಟೇ. ಪಕ್ಕದ ಪಾಲಿಗಾನ್‌ನ ಅಂಚಿಗೆ ಸರಿಯಾಗಿ ಅಂಟಿಸುವ ಸ್ನ್ಯಾಪಿಂಗ್ ಇಲ್ಲ, ಒಂದನ್ನು ಸೀಳಿ ಎರಡು ಮಾಡುವ ಟೂಲ್ ಇಲ್ಲ. ಎರಡು ಬಡಾವಣೆಗಳನ್ನು ಅಕ್ಕಪಕ್ಕ ಬಿಡಿಸಿ ಜೂಮ್ ಮಾಡಿ ನೋಡಿ, ನಡುವೆ ಒಂದು ಸಣ್ಣ ಬಿರುಕು ಕಾಣುತ್ತದೆ, ಇಲ್ಲವೇ ಒಂದರ ಮೇಲೊಂದು ಹತ್ತಿರುತ್ತದೆ. ಕಣ್ಣಿಗೆ ಅದು ಅಷ್ಟಾಗಿ ಬೀಳುವುದಿಲ್ಲ. ಲೆಕ್ಕ ಮಾಡುವಾಗ ಮಾತ್ರ ತಲೆ ತಿನ್ನುತ್ತದೆ.

ಗೂಗಲ್ ಅರ್ಥ್ ಪ್ರೊ ಕೂಡ ಇದೇ ಸಾಲಿನದು. 2015ರಿಂದ ಉಚಿತ. ಬಿಡಿಸುವ ಟೂಲ್‌ಗಳು ಸಾಧಾರಣ, ಸ್ನ್ಯಾಪಿಂಗ್ ಇದರಲ್ಲೂ ಇಲ್ಲ. ಆದರೂ ನಾನು ಇದನ್ನು ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡೇ ಇರಿ ಅನ್ನುತ್ತೇನೆ, ಕಾರಣ ಹಳೆಯ ಉಪಗ್ರಹ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಸಿ ನೋಡುವ ಸೌಲಭ್ಯ. ಪುಣೆಯ ವೇತಾಳ ಟೇಕಡಿಯ ಬುಡದಲ್ಲಿ ಕಟ್ಟಡಗಳು ಎಲ್ಲಿಯ ತನಕ ಬಂದಿವೆ, ಗೋವಾದ ಒಂದು ಗದ್ದೆಯಲ್ಲಿ ನೀರು ನಿಲ್ಲಲು ಶುರುವಾದದ್ದು ಯಾವಾಗ, ಇಂಥದ್ದನ್ನೆಲ್ಲ ತಿಳಿಯಲು ಒಳ್ಳೆಯ ದಾರಿ ಇದು. ನೋಡಲು ಅರ್ಥ್ ಪ್ರೊ, ಬಿಡಿಸಲು ಬೇರೆ, ಹೀಗೆ ಹಂಚಿಕೊಂಡರೆ ಕೆಲಸ ಸಲೀಸು.

ಗಡಿಗೆ ಗಡಿ ತಾಗಿದಾಗ

ಪುಣೆಯ ಪೇಟೆಗಳನ್ನು ತೆಗೆದುಕೊಳ್ಳಿ. ಕಸಬಾ, ಶನಿವಾರ, ಸದಾಶಿವ, ನಾರಾಯಣ, ಎಲ್ಲವೂ ಒತ್ತೊತ್ತಾಗಿವೆ. ಶನಿವಾರ ಪೇಟೆ ಮುಗಿದಲ್ಲೇ ನಾರಾಯಣ ಪೇಟೆ ಶುರು, ನಡುವೆ ಖಾಲಿ ಜಾಗ ಅನ್ನುವುದೇ ಇಲ್ಲ. ಇಂಥ ಕೆಲಸಕ್ಕೆ ಕ್ಯೂಜಿಐಎಸ್ ಬಿಟ್ಟು ಬೇರೆ ಹುಡುಕಬೇಡಿ ಅಂತ ನೇರವಾಗಿ ಹೇಳುತ್ತೇನೆ. 2002ರಲ್ಲಿ ಗ್ಯಾರಿ ಶರ್ಮನ್ ಶುರು ಮಾಡಿದ್ದು, ಪೂರ್ತಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೊದಲ ಸಲ ತೆರೆದಾಗ ಬಟನ್‌ಗಳ ರಾಶಿ ನೋಡಿ ಗಾಬರಿ ಆಗುವುದು ಸಹಜ. ಆದರೆ ತಿದ್ದುವ ಕೆಲಸಕ್ಕೆ ಬೇಕಾದವು ಬೆರಳೆಣಿಕೆಯಷ್ಟು.

ಮೊದಲು ಸ್ನ್ಯಾಪಿಂಗ್ ಟೂಲ್‌ಬಾರ್ ಆನ್ ಮಾಡಿ. ಅದರಲ್ಲಿ ಆಯಸ್ಕಾಂತದ ಚಿತ್ರ ಇರುವ ಬಟನ್ ಒತ್ತಿದರೆ ನಿಮ್ಮ ಕರ್ಸರ್ ಹತ್ತಿರದ ಮೂಲೆಗೆ ತಾನೇ ಹೋಗಿ ಹಿಡಿದುಕೊಳ್ಳುತ್ತದೆ. ಮೂಲೆಗೆ ಮಾತ್ರ ಹಿಡಿಯಬೇಕೋ ಅಂಚಿಗೂ ಹಿಡಿಯಬೇಕೋ ಅನ್ನುವುದನ್ನು ಆರಿಸಬಹುದು, ಎರಡನ್ನೂ ಇಟ್ಟುಕೊಳ್ಳಿ. ಎಷ್ಟು ದೂರದಿಂದ ಹಿಡಿಯಬೇಕು ಅನ್ನುವುದನ್ನು ಮೀಟರ್‌ನಲ್ಲಿ ಕೊಡುವುದಕ್ಕಿಂತ ಪಿಕ್ಸೆಲ್‌ನಲ್ಲಿ ಕೊಡುವುದು ವಾಸಿ, ಯಾಕೆಂದರೆ ಜೂಮ್ ಎಷ್ಟೇ ಇದ್ದರೂ ಕೈಗೆ ಒಂದೇ ರೀತಿ ಸಿಗುತ್ತದೆ. ಆಮೇಲೆ ಅಲ್ಲೇ ಟೊಪಾಲಜಿಕಲ್ ಎಡಿಟಿಂಗ್ ಅಂತ ಇನ್ನೊಂದು ಬಟನ್ ಇದೆ. ನನ್ನ ಮಟ್ಟಿಗೆ ಇಡೀ ಸಾಫ್ಟ್‌ವೇರ್‌ನಲ್ಲಿ ಅತಿ ಮುಖ್ಯವಾದ ಬಟನ್ ಅದೇ. ಅದು ಆನ್ ಇದ್ದರೆ ಎರಡು ಪೇಟೆಗಳು ಹಂಚಿಕೊಂಡ ಮೂಲೆಯನ್ನು ವರ್ಟೆಕ್ಸ್ ಟೂಲ್ (ಮೂಲೆಗಳನ್ನು ತಿದ್ದುವ ಟೂಲ್) ಬಳಸಿ ಸರಿಸಿದಾಗ ಎರಡೂ ಒಟ್ಟಿಗೆ ಸರಿಯುತ್ತವೆ. ಆಫ್ ಇದ್ದರೆ ಒಂದು ಮಾತ್ರ ಸರಿದು ಬಿರುಕು ಬೀಳುತ್ತದೆ. ಇದರ ಜೊತೆಗೆ ಓವರ್‌ಲ್ಯಾಪ್ ತಪ್ಪಿಸುವ ಆಯ್ಕೆಯನ್ನೂ ಹಾಕಿಕೊಂಡರೆ ಹೊಸ ಪಾಲಿಗಾನ್ ಎಳೆಯುವಾಗ ಪಕ್ಕದ್ದರ ಒಳಗೆ ಒರಟಾಗಿ ಕ್ಲಿಕ್ ಮಾಡಿದರೂ ಪರವಾಗಿಲ್ಲ, ಹೆಚ್ಚಾದ ಭಾಗವನ್ನು ಅದೇ ಕತ್ತರಿಸಿ ಗಡಿಗೆ ಕೂರಿಸುತ್ತದೆ.

ನದಿ ದಂಡೆಯಂಥ ಅಂಕುಡೊಂಕು ಗಡಿ ಇದ್ದರೆ ಟ್ರೇಸಿಂಗ್ ಆನ್ ಮಾಡಿ. ಮುಠಾ ನದಿಯ ಅಂಚು ಮೊದಲೇ ಒಂದು ಲೇಯರ್‌ನಲ್ಲಿ ಇದ್ದರೆ ಅದರ ಶುರುವಿಗೆ ಒಂದು ಕ್ಲಿಕ್, ಕೊನೆಗೆ ಒಂದು ಕ್ಲಿಕ್, ನಡುವಿನ ನೂರಾರು ಮೂಲೆಗಳನ್ನು ತಾನೇ ಹಿಂಬಾಲಿಸುತ್ತದೆ. ಒಂದು ಗಡಿ ತಪ್ಪಿದೆ ಅಂತ ಗೊತ್ತಾದಾಗ ಪಾಲಿಗಾನ್ ಅಳಿಸಿ ಮತ್ತೆ ಬಿಡಿಸುವವರನ್ನು ಬಹಳ ನೋಡಿದ್ದೇನೆ. ಬೇಡ. ರೀಶೇಪ್ ಟೂಲ್ ತೆಗೆದುಕೊಂಡು ತಪ್ಪಾದ ಭಾಗಕ್ಕೆ ಮಾತ್ರ ಹೊಸ ಗೆರೆ ಎಳೆಯಿರಿ, ಗೆರೆಯ ಎರಡು ತುದಿಗಳು ಹಳೆಯ ಅಂಚನ್ನು ದಾಟಿರಬೇಕು, ಅಷ್ಟು ಸಾಕು. ಹೀಗೆ ಮಾಡಿದರೆ ಆ ಪಾಲಿಗಾನ್‌ಗೆ ನೀವು ತುಂಬಿದ್ದ ಮಾಹಿತಿಯೆಲ್ಲ ಹಾಗೇ ಉಳಿಯುತ್ತದೆ. ಪ್ಲಾಟ್ ಎರಡಾದಾಗ ಸ್ಪ್ಲಿಟ್ ಫೀಚರ್ಸ್ ಬಳಸಿ, ಒಂದಾದಾಗ ಮರ್ಜ್. ಮರ್ಜ್ ಮಾಡುವಾಗ ಯಾವುದರ ಹೆಸರು ಉಳಿಯಬೇಕು ಅಂತ ಅದು ಕೇಳುತ್ತದೆ, ಅಲ್ಲಿ ಅವಸರದಲ್ಲಿ ಓಕೆ ಒತ್ತಬೇಡಿ.

ಹೊಸಬರು ಎಡವುವ ಜಾಗ ಒಂದಿದೆ. ಲೇಯರ್‌ನಲ್ಲಿ ಮಾಡಿದ ತಿದ್ದುಪಡಿಯನ್ನು ಉಳಿಸುವುದೇ ಬೇರೆ, ಪ್ರಾಜೆಕ್ಟ್ ಉಳಿಸುವುದೇ ಬೇರೆ. ಕಂಟ್ರೋಲ್ ಎಸ್ ಒತ್ತಿದರೆ ಪ್ರಾಜೆಕ್ಟ್ ಮಾತ್ರ ಉಳಿಯುತ್ತದೆ, ಅಂದರೆ ಯಾವ ಲೇಯರ್‌ಗೆ ಯಾವ ಬಣ್ಣ, ಯಾವುದು ಮೇಲೆ ಯಾವುದು ಕೆಳಗೆ ಅನ್ನುವ ವಿವರ. ನೀವು ಎಳೆದ ಗೆರೆಗಳು ಉಳಿಯಬೇಕಾದರೆ ಪೆನ್ಸಿಲ್ ಚಿತ್ರದ ಬಟನ್ ಪಕ್ಕದ ಸೇವ್ ಲೇಯರ್ ಎಡಿಟ್ಸ್ ಒತ್ತಬೇಕು. ಎಸ್ರಿ ಕಂಪನಿಯ, ದುಡ್ಡು ಕೊಟ್ಟು ಕೊಳ್ಳುವ ಆರ್ಕ್‌ಜಿಐಎಸ್ ಪ್ರೊನಲ್ಲೂ ಇದೇ ಕಥೆ. ಮುಂಗಾರಿನಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಕಡೆ ಕೂತಿದ್ದರೆ ಪ್ರತಿ ನಾಲ್ಕೈದು ಪಾಲಿಗಾನ್‌ಗೊಮ್ಮೆ ಉಳಿಸುವ ಅಭ್ಯಾಸ ಮಾಡಿಕೊಳ್ಳಿ.

ಫೈಲ್ ಯಾವುದು? ಕನ್ನಡದವರು ಇದನ್ನು ಓದಲೇಬೇಕು

ಕ್ಯೂಜಿಐಎಸ್‌ನಲ್ಲಿ ಹೊಸ ಲೇಯರ್ ಮಾಡುವಾಗ ಶೇಪ್‌ಫೈಲ್ ಬೇಕಾ ಜಿಯೋಪ್ಯಾಕೇಜ್ ಬೇಕಾ ಅನ್ನುವ ಪ್ರಶ್ನೆ ಬರುತ್ತದೆ, ಎರಡೂ ಮ್ಯಾಪ್ ಮಾಹಿತಿ ಉಳಿಸುವ ಫೈಲ್ ಬಗೆಗಳು. ಕಾಲೇಜುಗಳಲ್ಲಿ ಇನ್ನೂ ಶೇಪ್‌ಫೈಲನ್ನೇ ಹೇಳಿಕೊಡುತ್ತಾರೆ. ಆದರೆ ಕನ್ನಡದಲ್ಲಿ ಮಾಹಿತಿ ತುಂಬುವವರಿಗೆ ಅದು ಕಿರಿಕಿರಿಯ ಮೂಲ. ಶೇಪ್‌ಫೈಲ್‌ನ ಕಾಲಮ್ ಹೆಸರು 10 ಬೈಟ್ ಮೀರುವಂತಿಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲ ಪ್ರತ್ಯೇಕ ಲೆಕ್ಕ. ಹಾಗಾಗಿ 'ಹೆಸರು' ಅನ್ನುವ ಪುಟ್ಟ ಪದಕ್ಕೇ 15 ಬೈಟ್. ಹಿಡಿಸುವುದೇ ಇಲ್ಲ! ಕಾಲಮ್ ಒಳಗೆ ಬರೆಯುವ ಪಠ್ಯಕ್ಕೂ 254 ಬೈಟ್‌ನ ಮಿತಿ ಇದೆ, ಕನ್ನಡಕ್ಕೆ ಅದು ಸುಮಾರು 84 ಚಿಹ್ನೆ, ಒಂದೆರಡು ಸಾಲು ಬರೆಯುವಷ್ಟರಲ್ಲಿ ಮುಗಿಯುತ್ತದೆ. ಮೇಲಿಂದ ಒಂದು ಶೇಪ್‌ಫೈಲ್ ಅಂದರೆ ಮೂರು ನಾಲ್ಕು ಫೈಲುಗಳ ಗುಂಪು. ಅಕ್ಷರದ ಎನ್‌ಕೋಡಿಂಗ್ ಹೇಳುವ ಸಿಪಿಜಿ ಫೈಲನ್ನು ಮೇಲ್‌ಗೆ ಸೇರಿಸಲು ಮರೆತರೆ ಆ ಕಡೆ ತೆರೆದವರಿಗೆ ಕನ್ನಡದ ಬದಲು ಗೀಚಿದ ಗುರುತುಗಳು ಕಾಣಬಹುದು.

ಜಿಯೋಪ್ಯಾಕೇಜ್‌ನಲ್ಲಿ ಈ ಯಾವ ತೊಂದರೆಯೂ ಇಲ್ಲ. ಒಳಗಿರುವುದು ಎಸ್‌ಕ್ಯೂಲೈಟ್ ಡೇಟಾಬೇಸ್, ಒಂದೇ ಫೈಲಿನಲ್ಲಿ ಎಷ್ಟು ಲೇಯರ್ ಬೇಕಾದರೂ ಇಡಬಹುದು, ಕನ್ನಡ ಬರೆದದ್ದು ಬರೆದ ಹಾಗೇ ಉಳಿಯುತ್ತದೆ. ಸರ್ಕಾರಿ ಕಚೇರಿಯವರು ಶೇಪ್‌ಫೈಲೇ ಕೊಡಿ ಅಂದರೆ ಕೊನೆಯಲ್ಲಿ ಒಂದು ಪ್ರತಿಯನ್ನು ಹಾಗೆ ಉಳಿಸಿ ಕೊಡಿ. ನೀವು ದಿನಾ ಕೆಲಸ ಮಾಡುವ ಫೈಲ್ ಅದಾಗುವುದು ಬೇಡ.

ಅಳತೆ ಬೇಕಾದವರಿಗೆ

ಹಿನ್ನೆಲೆಗೆ ವೆಬ್ ಮ್ಯಾಪ್ ಹಾಕಿಕೊಂಡಾಗ ಪ್ರಾಜೆಕ್ಟ್ ಸಾಮಾನ್ಯವಾಗಿ ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿ ತೋರಿಸುವ ವೆಬ್ ಮರ್ಕೇಟರ್ ಪದ್ಧತಿಯಲ್ಲಿ ಇರುತ್ತದೆ, ಸಾಫ್ಟ್‌ವೇರ್‌ನಲ್ಲಿ ಅದರ ಗುರುತು ಸಂಖ್ಯೆ ಇಪಿಎಸ್‌ಜಿ 3857. ಅದರಲ್ಲಿ ಸಮಭಾಜಕದಿಂದ ದೂರ ಹೋದಷ್ಟೂ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಮುಂಬೈಯ 19 ಡಿಗ್ರಿ ಅಕ್ಷಾಂಶದಲ್ಲಿ ವಿಸ್ತೀರ್ಣ ಸುಮಾರು 12% ಜಾಸ್ತಿ ಬರುತ್ತದೆ, ಪುಣೆಯಲ್ಲಿ 11%, ಗೋವಾದಲ್ಲಿ 7ರಿಂದ 8%. ಪುಣೆ ಹತ್ತಿರದ 40 ಗುಂಟೆಯ, ಅಂದರೆ ಒಂದು ಎಕರೆಯ ಜಮೀನು 44 ಗುಂಟೆ ದಾಟಿಬಿಡುತ್ತದೆ. ಜಮೀನಿನ ವಿಷಯದಲ್ಲಿ ನಾಲ್ಕು ಗುಂಟೆ ಅಂದರೆ ಸಣ್ಣ ಮಾತಲ್ಲ, ಅಲ್ವಾ?

ಇದಕ್ಕೆ ಪರಿಹಾರ ಸುಲಭ. ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಯುಟಿಎಂ ಅನ್ನುವ ಪದ್ಧತಿ ಇದೆ, ಮುಂಬೈ, ಪುಣೆ, ಗೋವಾ ಮೂರೂ ಅದರ 43 ಉತ್ತರ ವಲಯದಲ್ಲಿ ಬರುತ್ತವೆ. ಲೇಯರ್ ಮಾಡುವಾಗಲೇ ಅದರ ಸಂಖ್ಯೆ ಇಪಿಎಸ್‌ಜಿ 32643 ಆರಿಸಿಕೊಳ್ಳಿ, ಮೀಟರ್‌ನಲ್ಲಿ ನಂಬಬಹುದಾದ ಅಳತೆ ಸಿಗುತ್ತದೆ. ಕ್ಯೂಜಿಐಎಸ್‌ನ ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಡಾಲರ್ ಗುರುತಿನ ಏರಿಯಾ ಬಳಸಿದರೆ ಪ್ರಾಜೆಕ್ಟ್‌ಗೆ ಕೊಟ್ಟ ಭೂಮಿಯ ದುಂಡನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಆವರಣದ ಒಳಗೆ ಜಿಯೋಮೆಟ್ರಿ ಕೊಡುವ ಏರಿಯಾ ಫಂಕ್ಷನ್ ಲೇಯರ್‌ನ ಚಪ್ಪಟೆ ಅಳತೆಯನ್ನೇ ಕೊಡುತ್ತದೆ. ಎರಡಕ್ಕೂ ಬೇರೆ ಬೇರೆ ಸಂಖ್ಯೆ ಬಂದರೆ ಸಾಫ್ಟ್‌ವೇರ್ ಕೆಟ್ಟಿದೆ ಅಂತಲ್ಲ, ಕಾರಣ ಇದು. ಇನ್ನೊಂದು ಮಾತು. ಉಪಗ್ರಹ ಚಿತ್ರ ನೋಡಿ ನೀವು ಎಳೆದ ಗಡಿ ಎಷ್ಟೇ ಅಂದವಾಗಿದ್ದರೂ ಅದು ದಾಖಲೆ ಅಲ್ಲ. ಮಹಾರಾಷ್ಟ್ರದಲ್ಲಿ ಸಾತ್‌ಬಾರಾ, ಗೋವಾದಲ್ಲಿ ಫಾರ್ಮ್ 1 ಮತ್ತು 14, ಅದರ ಜೊತೆಗೆ ಮೋಜಣಿ ನಕ್ಷೆ, ಜಗಳ ಬಂದರೆ ನಡೆಯುವುದು ಅವು.

ಎಲ್ಲರಿಗೂ ಸೇರುವ ಮ್ಯಾಪ್

ಓಪನ್‌ಸ್ಟ್ರೀಟ್‌ಮ್ಯಾಪ್ ಬೇರೆಯೇ ಜಾತಿ. ಇಲ್ಲಿ ನೀವು ನಿಮ್ಮ ಫೈಲನ್ನು ತಿದ್ದುವುದಿಲ್ಲ, ಜಗತ್ತಿಗೆಲ್ಲ ಇರುವ ಒಂದೇ ಮ್ಯಾಪನ್ನು ತಿದ್ದುತ್ತೀರಿ. ಇದರ ಒಳರಚನೆ ನನಗೆ ತುಂಬಾ ಇಷ್ಟ. ಶೇಪ್‌ಫೈಲ್‌ನಲ್ಲಿ ಪ್ರತಿ ಪಾಲಿಗಾನ್ ತನ್ನ ಮೂಲೆಗಳ ಅಳತೆಯನ್ನು ತಾನೇ ಇಟ್ಟುಕೊಳ್ಳುತ್ತದೆ, ಪಕ್ಕದ್ದರ ಪರಿವೆ ಅದಕ್ಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮೊದಲು ನೋಡ್, ಅಂದರೆ ಬಿಂದು. ಬಿಂದುಗಳನ್ನು ಪೋಣಿಸಿದರೆ ವೇ. ಪಾಲಿಗಾನ್ ಅಂದರೆ ಶುರುವಾದಲ್ಲಿಗೇ ಬಂದು ಸೇರುವ ವೇ. ಎರಡು ಗದ್ದೆಗಳು ಒಂದೇ ಬಿಂದುಗಳನ್ನು ಹಂಚಿಕೊಂಡರೆ ಅವುಗಳ ನಡುವೆ ಬಿರುಕು ಬೀಳುವ ಪ್ರಶ್ನೆಯೇ ಬರುವುದಿಲ್ಲ, ಒಂದನ್ನು ಸರಿಸಿದರೆ ಇನ್ನೊಂದು ತಾನಾಗಿ ಬರುತ್ತದೆ. ಕ್ಯೂಜಿಐಎಸ್‌ನಲ್ಲಿ ಬಟನ್ ಒತ್ತಿ ಪಡೆಯುವ ಗುಣ ಇಲ್ಲಿ ಹುಟ್ಟಿನಿಂದಲೇ ಇದೆ. ಇದರಿಂದಲೇ ಒಂದು ತೊಂದರೆಯೂ ಇದೆ. ರಸ್ತೆಯ ಗೆರೆಗೆ ಪಾರ್ಕಿನ ಅಂಚನ್ನು ಅಂಟಿಸಿಬಿಟ್ಟರೆ ನಾಳೆ ರಸ್ತೆ ಸರಿಪಡಿಸುವವರು ಪಾರ್ಕನ್ನೂ ಎಳೆದುಕೊಂಡು ಹೋಗುತ್ತಾರೆ. ಅಂಟಿಸಬೇಕಾದ್ದನ್ನು ಮಾತ್ರ ಅಂಟಿಸಿ.

ಬ್ರೌಸರ್‌ನಲ್ಲಿ ಓಡುವ ಐಡಿ ಎಡಿಟರ್‌ನಿಂದ ಶುರು ಮಾಡಿ. ಕಟ್ಟಡ ಬಿಡಿಸಿ ಕ್ಯೂ ಒತ್ತಿದರೆ ಮೂಲೆಗಳು ಚೌಕ ಆಗುತ್ತವೆ, ಗುಂಡಗಿನ ನೀರಿನ ಟ್ಯಾಂಕಿಗೆ ಓ. ಅಂಟಿದ್ದನ್ನು ಬಿಡಿಸಲು ಡಿ. ದಿನಕ್ಕೆ ನಾಲ್ಕು ಕಟ್ಟಡ, ಎರಡು ಅಂಗಡಿ ಸೇರಿಸುವವರಿಗೆ ಇದಕ್ಕಿಂತ ಚಂದದ ಎಡಿಟರ್ ಇಲ್ಲ. ವಾಸ್ಕೋದ ಬೈನಾದಂಥ ಒತ್ತಾದ ಬಡಾವಣೆಯಲ್ಲಿ ಸಾಲು ಸಾಲು ಮನೆ ಬಿಡಿಸಬೇಕು ಅಂದರೆ ಜೋಸ್ಮ್‌ಗೆ ಹೋಗಿ. ಇದು ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್, ನೋಟಕ್ಕೆ ಹಳೆಯದು, ಕಲಿಯಲು ಒಂದು ವಾರ ಬೇಕು. ಆದರೆ ಕಟ್ಟಡಗಳ ಪ್ಲಗಿನ್ ಹಾಕಿಕೊಂಡರೆ ಒಂದು ಅಂಚು ಎಳೆದು ಅಗಲ ಎಳೆದರೆ ಮನೆ ಮುಗಿಯಿತು. ಏರಿಸುವ ಮೊದಲು ಅದರ ವ್ಯಾಲಿಡೇಟರ್ ಮುಚ್ಚದ ಗೆರೆ, ಒಂದರ ಮೇಲೊಂದು ಬಿದ್ದ ಕಟ್ಟಡ ಇಂಥದ್ದನ್ನೆಲ್ಲ ಹುಡುಕಿ ಕೊಡುತ್ತದೆ.

ಒಂದು ನಿಯಮ ಮಾತ್ರ ಗಟ್ಟಿಯಾಗಿ ನೆನಪಿಡಿ. ಗೂಗಲ್ ಮ್ಯಾಪ್ ನೋಡಿ ಹೆಸರನ್ನಾಗಲಿ ಗೆರೆಯನ್ನಾಗಲಿ ಇಲ್ಲಿಗೆ ನಕಲು ಮಾಡುವಂತಿಲ್ಲ, ಅದಕ್ಕೆ ಹಕ್ಕು ಇಲ್ಲ. ಎಡಿಟರ್‌ನ ಒಳಗೇ ಸಿಗುವ ಬಿಂಗ್, ಎಸ್ರಿ ಉಪಗ್ರಹ ಚಿತ್ರಗಳನ್ನು ನೋಡಿ ಬಿಡಿಸಬಹುದು, ನೀವೇ ಹೋಗಿ ನೋಡಿದ್ದನ್ನು ಬರೆಯಬಹುದು. ಕನ್ನಡ ಶಾಲೆ, ಕನ್ನಡ ಭವನಗಳಿಗೆ ಕನ್ನಡ ಹೆಸರಿನ ಟ್ಯಾಗನ್ನೂ ಸೇರಿಸಿ. ಮುಂಬೈ, ಪುಣೆಯಲ್ಲಿ ಅದನ್ನು ನಮ್ಮವರೇ ಮಾಡಬೇಕು, ಬೇರೆ ಯಾರು ಮಾಡುತ್ತಾರೆ? ಆದರೆ ಯಾರ ಜಮೀನು ಎಷ್ಟು, ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನುವ ಖಾಸಗಿ ಮಾಹಿತಿಗೆ ಇದು ಜಾಗ ಅಲ್ಲ.

ಆರ್ಕ್‌ಜಿಐಎಸ್ ಪ್ರೊ ಯಾರಿಗೆ?

ಆಫೀಸಿನಲ್ಲಿ ಲೈಸೆನ್ಸ್ ಇದ್ದವರಿಗೆ. ಸ್ವಂತ ದುಡ್ಡು ಹಾಕಿ ಕೊಳ್ಳಬೇಕಾ ಅಂದರೆ ಈ ಲೇಖನದ ಯಾವ ಕೆಲಸಕ್ಕೂ ಬೇಡ ಅನ್ನುತ್ತೇನೆ. ಆದರೆ ಅದರ ಒಳ್ಳೆಯ ಗುಣಗಳನ್ನು ಒಪ್ಪಲೇಬೇಕು. ಫೀಚರ್ ಟೆಂಪ್ಲೇಟ್ ಅಂತ ಇದೆ. ಮುಖ್ಯ ರಸ್ತೆ, ಗಲ್ಲಿ, ಕಾಲುದಾರಿ ಅಂತ ಮೊದಲೇ ಸಿದ್ಧ ಮಾಡಿಟ್ಟರೆ ಎಳೆದ ಕೂಡಲೇ ಮಾಹಿತಿಯೂ ತುಂಬಿರುತ್ತದೆ, ಹತ್ತು ಜನ ಹತ್ತು ಥರ ಬರೆಯುವ ಗೋಳು ತಪ್ಪುತ್ತದೆ. ಮೋಜಣಿಯವರು ಕೊಟ್ಟ ದಿಕ್ಕು ಮತ್ತು ಉದ್ದ ಹಾಕಿ ಗಡಿ ಕಟ್ಟುವ ಟ್ರಾವರ್ಸ್ ಟೂಲ್ ಅಚ್ಚುಕಟ್ಟು. ಡೇಟಾಬೇಸ್‌ನಲ್ಲೇ ನಿಯಮ ಕಟ್ಟುವ ಜಿಯೋಡೇಟಾಬೇಸ್ ಟೊಪಾಲಜಿ ದೊಡ್ಡ ಕೆಲಸಕ್ಕೆ ಬಹಳ ಉಪಯೋಗ, ಆದರೆ ಅದಕ್ಕೆ ಬೇಸಿಕ್ ಲೈಸೆನ್ಸ್ ಸಾಲದು, ಸ್ಟ್ಯಾಂಡರ್ಡ್ ಅಥವಾ ಅಡ್ವಾನ್ಸ್ಡ್ ಬೇಕು. ವಿಂಡೋಸ್ ಬಿಟ್ಟು ಬೇರೆ ಕಡೆ ಓಡುವುದಿಲ್ಲ. ಇನ್ನೂ ಹಳೆಯ ಆರ್ಕ್‌ಮ್ಯಾಪ್‌ನಲ್ಲೇ ಇದ್ದರೆ ಅದನ್ನು ಕಲಿಯಲು ಹೊಸದಾಗಿ ಸಮಯ ಹಾಕಬೇಡಿ, ಅದರ ಬೆಂಬಲಕ್ಕೆ ಎಸ್ರಿ ಕೊಟ್ಟ ಕೊನೆಯ ಗಡುವೇ 2026ರ ಮಾರ್ಚ್ 1.

ಹತ್ತು ಜನ ಒಟ್ಟಿಗೆ ತಿದ್ದಬೇಕು, ದುಡ್ಡಿಲ್ಲ ಅಂದರೆ ಮ್ಯಾಪ್ ಮಾಹಿತಿ ಇಡಲು ಉಚಿತವಾಗಿ ಸಿಗುವ ಪೋಸ್ಟ್‌ಜಿಐಎಸ್ ಡೇಟಾಬೇಸ್ ಹಾಕಿ ಎಲ್ಲರೂ ಕ್ಯೂಜಿಐಎಸ್‌ನಿಂದ ಅದಕ್ಕೆ ಸೇರಿಕೊಳ್ಳಿ. ಒಂದೇ ಜಿಯೋಪ್ಯಾಕೇಜ್ ಫೈಲನ್ನು ನೆಟ್‌ವರ್ಕ್ ಡ್ರೈವ್‌ನಲ್ಲಿಟ್ಟು ಎಲ್ಲರೂ ಒಟ್ಟಿಗೆ ತೆರೆಯುವುದು ಅಪಾಯ, ಅದು ಅಂಥ ಬಳಕೆಗೆ ಮಾಡಿದ್ದಲ್ಲ.

ಹೊರಗೆ ಹೋಗಿ ಬಿಡಿಸುವವರಿಗೆ

ಗೋವಾದ ಖಜಾನ್ ಜಮೀನುಗಳನ್ನು ಚಿತ್ರ ನೋಡಿ ಬಿಡಿಸಿ ಮುಗಿಸಲು ಆಗುವುದಿಲ್ಲ. ಉಪ್ಪುನೀರನ್ನು ತಡೆಯುವ ಕಟ್ಟೆ, ನೀರು ಒಳಗೆ ಹೊರಗೆ ಬಿಡುವ ತೂಬು, ಗದ್ದೆ, ಮೀನಿನ ಹೊಂಡ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಕಟ್ಟೆ ಲೈನ್, ತೂಬು ಪಾಯಿಂಟ್, ಗದ್ದೆ ಪಾಲಿಗಾನ್. ತೂಬು ಕಟ್ಟೆಯ ಮೇಲೇ ಕೂರಬೇಕು, ಗದ್ದೆಯ ಅಂಚು ಕಟ್ಟೆಗೆ ತಾಗಬೇಕು. ಮಳೆಗಾಲದ ನೀರು, ಬೇಸಿಗೆಯ ಒಣ ನೆಲ ಬೇರೆ ಬೇರೆಯಾಗಿ ಕಾಣುವುದರಿಂದ ಯಾವ ಕಾಲದ ಗಡಿ ಬಿಡಿಸುತ್ತಿದ್ದೇವೆ ಅಂತ ಒಂದು ಕಾಲಮ್‌ನಲ್ಲಿ ಬರೆದಿಡಿ.

ಇದಕ್ಕೆ ನನ್ನ ಆಯ್ಕೆ ಕ್ಯೂಫೀಲ್ಡ್ ಅನ್ನುವ ಫೋನ್ ಆ್ಯಪ್. ಮನೆಯಲ್ಲಿ ಕ್ಯೂಜಿಐಎಸ್‌ನಲ್ಲಿ ಲೇಯರ್, ಫಾರ್ಮ್, ಆಯ್ಕೆಯ ಪಟ್ಟಿ ಎಲ್ಲ ಸಿದ್ಧ ಮಾಡಿ ಫೋನಿಗೆ ಹಾಕಿದರೆ ಅದೇ ಫಾರ್ಮ್ ಅಲ್ಲಿ ತೆರೆದುಕೊಳ್ಳುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ, ಸ್ನ್ಯಾಪಿಂಗ್, ಮೂಲೆ ತಿದ್ದುವುದು, ಸೀಳುವುದು ಕೂಡ ಇದೆ. ಆದರೆ ಬೆರಳಿನಿಂದ ನುಣುಪಾದ ಗಡಿ ಎಳೆಯಲು ಹೊರಡಬೇಡಿ. ಸಾಮಾನ್ಯ ಫೋನಿನ ಜಿಪಿಎಸ್ ಬಯಲಿನಲ್ಲೇ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ, ಮುಂಬೈಯ ಎತ್ತರದ ಕಟ್ಟಡಗಳ ನಡುವೆ ಇನ್ನೂ ಜಾಸ್ತಿ. ಹೊರಗೆ ಪಾಯಿಂಟ್, ಫೋಟೋ, ಟಿಪ್ಪಣಿ ತೆಗೆದುಕೊಂಡು ಬನ್ನಿ, ಗಡಿಗಳನ್ನು ಮನೆಗೆ ಬಂದು ದೊಡ್ಡ ಪರದೆಯಲ್ಲಿ ಮೌಸ್ ಹಿಡಿದು ತಿದ್ದಿ.

ಈಗಾಗಲೇ ಮೈ ಮ್ಯಾಪ್ಸ್‌ನಲ್ಲಿ ಬಿಡಿಸಿಬಿಟ್ಟಿದ್ದರೆ

ಮಾಡಿದ ಕೆಲಸ ವ್ಯರ್ಥ ಆಗುವುದಿಲ್ಲ. ಕೆಎಂಎಲ್ (ಗೂಗಲ್‌ನ ಮ್ಯಾಪ್ ಫೈಲ್ ಬಗೆ) ಆಗಿ ಇಳಿಸಿಕೊಂಡು ಕ್ಯೂಜಿಐಎಸ್‌ನಲ್ಲಿ ತೆರೆಯಿರಿ, 32643ರಲ್ಲಿ ಜಿಯೋಪ್ಯಾಕೇಜ್ ಆಗಿ ಉಳಿಸಿ. ಆಮೇಲೆ ಫಿಕ್ಸ್ ಜಿಯೋಮೆಟ್ರೀಸ್ ಓಡಿಸಿ, ತನ್ನನ್ನೇ ದಾಟಿದ ಗೆರೆಗಳು ಸರಿಯಾಗುತ್ತವೆ. ನಂತರ ಸ್ನ್ಯಾಪ್ ಜಿಯೋಮೆಟ್ರೀಸ್ ಟು ಲೇಯರ್ ಅನ್ನುವ ಟೂಲ್‌ಗೆ ಅದೇ ಲೇಯರನ್ನು ಎರಡೂ ಕಡೆ ಕೊಟ್ಟು ಒಂದೆರಡು ಮೀಟರ್ ಮಿತಿ ಇಟ್ಟರೆ ಹತ್ತಿರದ ಅಂಚುಗಳು ಒಂದಾಗುತ್ತವೆ. ಮಿತಿ ಜಾಸ್ತಿ ಇಟ್ಟರೆ ಕಿರಿದಾದ ಗಲ್ಲಿಗಳೇ ಮುಚ್ಚಿಹೋಗಬಹುದು, ಹಾಗಾಗಿ ಮೊದಲು ಒಂದು ಪ್ರತಿಯ ಮೇಲೆ ಮಾಡಿ ನೋಡಿ. ಕೊನೆಗೆ ಟೊಪಾಲಜಿ ಚೆಕರ್‌ನಲ್ಲಿ ಬಿರುಕು ಇರಬಾರದು, ಒಂದರ ಮೇಲೊಂದು ಹತ್ತಬಾರದು ಅನ್ನುವ ಎರಡು ನಿಯಮ ಹಾಕಿ. ಉಳಿದ ತಪ್ಪುಗಳ ಪಟ್ಟಿ ಬರುತ್ತದೆ. ಸುತ್ತಲಿನ ಹೊರಗಡಿಯನ್ನೂ ಅದು ಬಿರುಕು ಅಂತ ತೋರಿಸುತ್ತದೆ, ಅದನ್ನು ಬಿಟ್ಟು ಮಿಕ್ಕವನ್ನು ಒಂದೊಂದಾಗಿ ತಿದ್ದಿ.